ಮಾತಿಗೆ ಮೊದಲೇ ಬೆಕ್ಕು, ನಾಯಿ: ಎಳೆಗೂಸಿನ ಕಣ್ಣು ಕಲಿಯುವ ಬಗೆ

ಬೆಕ್ಕು, ನಾಯಿ, ಹಸುಗಳನ್ನು ಬೇರೆಬೇರೆಯಾಗಿ ಗುರುತಿಸಲು ಮಗು ಮೊದಲು ಅವುಗಳ ಹೆಸರು ಕಲಿಯಬೇಕು ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ನಿಜವಲ್ಲ. ಮಾತು ಬರುವುದಕ್ಕೆ ಎಷ್ಟೋ ಮುಂಚೆ, ಮೂರು–ನಾಲ್ಕು ತಿಂಗಳಲ್ಲೇ, ಕೂಸು ಬರೀ ನೋಟದಿಂದ ಪ್ರಾಣಿಗಳನ್ನು ಗುಂಪುಗೂಡಿಸಬಲ್ಲದು.

ಕಂಡದ್ದನ್ನೇ ಕಂಡರೆ ಕೂಸಿನ ಆಸಕ್ತಿ ಕುಗ್ಗುತ್ತದೆ. ಹೊಸತನ್ನು ಅದು ಹೆಚ್ಚು ಹೊತ್ತು ನೋಡುತ್ತದೆ. ಸಂಶೋಧಕರಿಗೆ ದಾರಿ ತೋರಿದ್ದು ಈ ಸ್ವಭಾವವೇ. 1993ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ಕ್ವಿನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಕೂಸುಗಳಿಗೆ 12 ಬೆಕ್ಕುಗಳ ಚಿತ್ರಗಳನ್ನು ಎರಡೆರಡಾಗಿ ತೋರಿಸಲಾಯಿತು. ಬಳಿಕ ಹಿಂದೆ ಕಾಣದ ಒಂದು ಬೆಕ್ಕು, ಒಂದು ನಾಯಿಯ ಚಿತ್ರಗಳನ್ನು ಜೊತೆಯಾಗಿ ಇಟ್ಟಾಗ ನೋಟ ನಾಯಿಯ ಮೇಲೆ ಹೆಚ್ಚು ನಿಂತಿತು. ಎರಡೂ ಹೊಸವೇ, ಆದರೆ ಹೊಸ ಬೆಕ್ಕು ಹಳೆಯ ಗುಂಪಿಗೆ ಸೇರಿಹೋಗಿತ್ತು.

ಅಂದಮೇಲೆ ನಾಯಿ ಎಂದರೇನೆಂದು ಕೂಸಿಗೆ ಗೊತ್ತು ಎಂದುಕೊಳ್ಳುವುದು ಇನ್ನೊಂದು ತಪ್ಪು. ಮೊದಲು ನಾಯಿಗಳನ್ನು ತೋರಿಸಿದಾಗ ಬೆಕ್ಕು ಕೂಸುಗಳಿಗೆ ಹೊಸದೆನಿಸಲಿಲ್ಲ. ನಾಯಿಗಳ ರೂಪದಲ್ಲಿ ವೈವಿಧ್ಯ ಎಷ್ಟೆಂದರೆ, ಬೆಕ್ಕೂ ಅದರೊಳಗೇ ಅಡಗಿಬಿಡುತ್ತದೆ. ರಾಬರ್ಟ್ ಫ್ರೆಂಚ್ ಮತ್ತು ಸಂಗಡಿಗರು 2004ರಲ್ಲಿ ಬೆಕ್ಕುಗಳಲ್ಲೇ ಹೆಚ್ಚು ವೈವಿಧ್ಯ ಇರುವಂತೆ ಚಿತ್ರಗಳನ್ನು ಹೊಂದಿಸಿದಾಗ ಫಲಿತಾಂಶ ತಿರುಗುಮುರುಗಾಯಿತು. ಅಂದರೆ ಆ ಗುಂಪು ಹುಟ್ಟಿನಿಂದ ಬಂದ ಜ್ಞಾನವಲ್ಲ. ಆಗಷ್ಟೇ ಕಂಡ ಚಿತ್ರಗಳ ಹೋಲಿಕೆಯಿಂದ ಕಟ್ಟಿಕೊಂಡದ್ದು. ಇಷ್ಟು ಎಳೆಯ ಮನಸ್ಸು ಕೆಲವೇ ನಿಮಿಷಗಳಲ್ಲಿ ಇದನ್ನು ಮಾಡುತ್ತದೆ ಎಂಬುದೇ ನಿಜವಾದ ಬೆರಗು. ಈ ಹೋಲಿಕೆಗೆ ಮುಖ್ಯ ಆಧಾರ ತಲೆ ಮತ್ತು ಮುಖ. ಮುಂಡವನ್ನು ಮರೆಮಾಡಿದರೂ ಕೂಸುಗಳು ಬೆಕ್ಕು–ನಾಯಿಗಳನ್ನು ಬೇರ್ಪಡಿಸಿದವು. ತಲೆ ಮರೆಯಾದರೆ ಆಗಲಿಲ್ಲ.

ಹಾಗೆಂದು ಮಾತಿನಿಂದ ಪ್ರಯೋಜನವೇ ಇಲ್ಲವೆಂದಲ್ಲ. 2010ರ ಅಧ್ಯಯನವೊಂದರಲ್ಲಿ ಡೈನೋಸಾರ್ ಚಿತ್ರಗಳ ಜೊತೆ ಮಾತು ಕೇಳಿದ ಮೂರು ತಿಂಗಳ ಕೂಸುಗಳು ಗುಂಪು ಕಟ್ಟಿಕೊಂಡವು. ಬರೀ ಯಾಂತ್ರಿಕ ನಾದ ಕೇಳಿದವು ಕಟ್ಟಿಕೊಳ್ಳಲಿಲ್ಲ. ಅರ್ಥ ತಿಳಿದೇ ಹೀಗಾಯಿತು ಎನ್ನಲಾಗದು: ಮಡಗಾಸ್ಕರಿನ ಲೀಮರ್ ಪ್ರಾಣಿಯ ಕೂಗೂ ಆ ವಯಸ್ಸಿನಲ್ಲಿ ಅಷ್ಟೇ ನೆರವಾಗುತ್ತದೆ ಎಂದು 2013ರಲ್ಲಿ ಕಂಡುಬಂತು. ಆರು ತಿಂಗಳ ಹೊತ್ತಿಗೆ ಲೀಮರ್ ಕೂಗಿನ ಪ್ರಭಾವ ಮಾಯವಾಗಿ, ಮನುಷ್ಯರ ಮಾತಿನದು ಉಳಿಯುತ್ತದೆ.

ಮುಂದೆ ಮಾತು ಕಲಿಯುವ ಮಗು ಹಸುವನ್ನೂ ‘ಬೌಬೌ’ ಎಂದರೆ ಅದಕ್ಕೆ ವ್ಯತ್ಯಾಸ ಕಾಣುತ್ತಿಲ್ಲವೆಂದು ದೊಡ್ಡವರು ಭಾವಿಸುತ್ತಾರೆ. ಅನೇಕ ವೇಳೆ ಅದೇ ಮಗು, ‘ನಾಯಿ ಎಲ್ಲಿ?’ ಎಂದು ಕೇಳಿದಾಗ ಸರಿಯಾದ ಚಿತ್ರಕ್ಕೇ ಬೆರಳು ತೋರಿಸುತ್ತದೆ.