ಸೊನ್ನೆಯಾಗಲು ಒಪ್ಪದ ಡಿಟರ್ಮಿನೆಂಟ್

ಮೂರು ಸಾಲು ಬರೆದುಕೊಳ್ಳಿ: 1, 2, 3. 4, 5, 6. 7, 8, 9. ಮೊದಲ ಸಾಲಿಗೆ ಕೊನೆಯದನ್ನು ಕೂಡಿಸಿ. 8, 10, 12. ನಡುವಿನ ಸಾಲಿನ ಸರಿಯಾಗಿ ಎರಡರಷ್ಟು! ಅಂದಮೇಲೆ ಈ ಮ್ಯಾಟ್ರಿಕ್ಸ್‌ನ ಡಿಟರ್ಮಿನೆಂಟ್ ಸೊನ್ನೆ, ಇನ್ವರ್ಸ್ ಇಲ್ಲ. ಪಿಯುಸಿ ಲೆಕ್ಕ.

ಇದನ್ನೇ ಪೈಥಾನ್ ಭಾಷೆಯ ನಂಪೈ ಲೈಬ್ರರಿಗೆ ಕೊಡಿ. ಸಾಮಾನ್ಯವಾಗಿ ಸೊನ್ನೆ ಬರುವುದಿಲ್ಲ. ದಶಮಾಂಶ ಬಿಂದುವಾದ ಮೇಲೆ ಸುಮಾರು 15 ಸೊನ್ನೆ ದಾಟಿ ಯಾವುದೋ ಪುಡಿ ಅಂಕಿ. ಲೆಕ್ಕದ ನಡುವೆ 7ರಿಂದ ಭಾಗಿಸಬೇಕಲ್ಲ, ಆ ಭಿನ್ನರಾಶಿ ಬೈನರಿಯಲ್ಲಿ ಪೂರ್ತಿ ಹಿಡಿಸದು. ಇನ್ವರ್ಸ್ ಕೇಳಿದರೆ ಅದನ್ನೂ ಕೊಟ್ಟುಬಿಡುತ್ತದೆ, ಕೋಟಿ ಕೋಟಿ ಗಾತ್ರದ ಅಂಕಿಗಳಲ್ಲಿ, ಯಾವ ಸಂಕೋಚವೂ ಇಲ್ಲದೆ!

ಸಿಂಪೈ ಹಾಗಲ್ಲ. ಅದು ಪೈಥಾನ್‌ನದೇ ಬೀಜಗಣಿತದ ತಂತ್ರಾಂಶ, ಭಿನ್ನರಾಶಿಯನ್ನು ಭಿನ್ನರಾಶಿಯಾಗಿಯೇ ಇಟ್ಟುಕೊಳ್ಳುತ್ತದೆ. ಡಿಟರ್ಮಿನೆಂಟ್? ಸೊನ್ನೆ. ಇನ್ವರ್ಸ್? ಎರರ್. ಅಂಕಿಯ ಬದಲು ಎರಡು ಸಾಲಿನಲ್ಲಿ ಎ, ಬಿ, ಸಿ, ಡಿ ಎಂಬ ಅಕ್ಷರಗಳನ್ನೇ ಕೊಟ್ಟರೂ ಉತ್ತರ ಸಿದ್ಧ: ಎಡಿ ಮೈನಸ್ ಬಿಸಿ.

ಒಂದು ಎಚ್ಚರ. ಮೂರನೇ ಒಂದು ಬೇಕೆಂದು 1/3 ಅಂತ ಟೈಪ್ ಮಾಡಿದರೆ, ಸಿಂಪೈ ಕೈಗೆ ಸಿಗುವ ಮೊದಲೇ ಪೈಥಾನ್ ಅದನ್ನು ದಶಮಾಂಶ ಮಾಡಿರುತ್ತದೆ. ‘ರ್‍ಯಾಷನಲ್’ ಎಂದು ಬರೆದು, ಕಂಸದಲ್ಲಿ 1, 3 ಕೊಡಿ.

ಸಾವಿರ ಸಾಲಿನ ಮ್ಯಾಟ್ರಿಕ್ಸ್ ಇದ್ದರೆ ಮಾತ್ರ ನಂಪೈಗೇ ಹೋಗಿ. ಸಿಂಪೈ ಅಲ್ಲಿ ತೆವಳುತ್ತದೆ.