ಏರ್ ಪ್ಲಾಂಟ್‌ಗೆ ಹಿಟ್ಟು ತಿಗಣೆ ಬಂದ್ರೆ ಬೋರ್ಡೋ ಬೇಡ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಮಳೆಗಾಲ ಅಂದ್ರೆ ಮನೆಮನೆಯಲ್ಲೂ ಬೋರ್ಡೋ. ಜಗಲಿಯ ಏರ್ ಪ್ಲಾಂಟ್ ಬುಡದಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದನ್ನೇ ಹೊಡೀಬೇಡಿ ಅಂತೀನಿ ನಾನು. ಬೋರ್ಡೋ ಇರೋದು ಅಡಿಕೆಯ ಕೊಳೆರೋಗ ತಡೆಯೋಕೆ, ಹುಳ ಸಾಯಿಸೋಕಲ್ಲ. ಅದರ ಮೈಲುತುತ್ತದಲ್ಲಿ ತಾಮ್ರ ಇದೆ. ಏರ್ ಪ್ಲಾಂಟ್ ನೀರು ಕುಡಿಯೋದು ಎಲೆಯಿಂದ. ತಾಮ್ರ ಅದಕ್ಕೆ ವಿಷ.

ಆ ಬಿಳಿ ಹತ್ತಿ ಹಿಟ್ಟು ತಿಗಣೆ. ಗಿಡ ಬೇರೆ ಇಡಿ. 70% ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಅದ್ದಿ ತಿಗಣೆ ಒರೆಸಿ, ನೀರಲ್ಲಿ ತೊಳೆದು, ತಲೆಕೆಳಗಾಗಿ ಗಾಳಿಗೆ ಒಣಗಿಸಿ. ಮೊಟ್ಟೆಯಿಂದ ಮತ್ತೆ ಮರಿ ಬರುತ್ತೆ. ವಾರಕ್ಕೊಮ್ಮೆ, ಮೂರ್ನಾಲ್ಕು ಸಲ ಮಾಡಿ. ಇರುವೆಗಳನ್ನೂ ತಡೆಯಿರಿ: ಸಿಹಿ ಅಂಟಿನ ಆಸೆಗೆ ತಿಗಣೆಯನ್ನ ಕಾಯೋದು ಅವೇ. ತೋಟಕ್ಕೆ ಔಷಧಿ ಹೊಡೆಯೋ ದಿನ ಗಿಡ ಒಳಗಿಡಿ.