ಚಿತ್ರದಿಂದಲೇ ನೆಲ ಅಳೆಯುವ ಯಂತ್ರ

ವಿಮಾನದಿಂದ ತೆಗೆದ ಛಾಯಾಚಿತ್ರದಲ್ಲಿ ಗುಡ್ಡವೂ ಹಳ್ಳವೂ ಒಂದೇ ಸಪಾಟಾಗಿ ಕಾಣುತ್ತವೆ. ಆದರೂ ಅಂಥ ಚಿತ್ರಗಳಿಂದಲೇ ನೆಲದ ಏರುತಗ್ಗು ಅಳೆದು ಭೂಪಟ ತಯಾರಿಸುತ್ತಾರೆ. ಇದು ಹೇಗೆಂದು ರೈತ ಬಾಂಧವರು ಕೇಳುವುದುಂಟು.

ಬಸ್ಸಿನ ಕಿಟಕಿಯ ಪಕ್ಕ ಕುಳಿತಾಗ ರಸ್ತೆ ಬದಿಯ ಮರ ಸರ್ರನೆ ಹಿಂದೆ ಸರಿಯುತ್ತದೆ, ದೂರದ ಬೆಟ್ಟ ನಿಧಾನವಾಗಿ ಸರಿಯುತ್ತದೆ. ವಿಮಾನಕ್ಕೂ ಇದೇ ನಿಯಮ. ಒಂದೇ ಜಾಗದ ಚಿತ್ರವನ್ನು ಎರಡು ಕಡೆಯಿಂದ ತೆಗೆದರೆ, ಕ್ಯಾಮೆರಾಕ್ಕೆ ಹತ್ತಿರವಾದ ಗುಡ್ಡದ ನೆತ್ತಿ ಹೆಚ್ಚು ಸರಿದಿರುತ್ತದೆ. ಹಳ್ಳದ ತಳ ಕಡಿಮೆ. ಎಷ್ಟು ಸರಿದಿದೆ ಎಂದು ಅಳೆದರೆ ಎತ್ತರ ಲೆಕ್ಕಕ್ಕೆ ಸಿಗುತ್ತದೆ. ಅದಕ್ಕೆಂದೇ ಒಂದು ಚಿತ್ರದ ಸುಮಾರು ಶೇ. 60 ಭಾಗ ಮುಂದಿನ ಚಿತ್ರದಲ್ಲೂ ಬರುವಂತೆ ತೆಗೆಯುವ ರೂಢಿ.

ಮೊದಲು ಈ ಅಳತೆ ಕಣ್ಣಿನ ಕೆಲಸವಾಗಿತ್ತು. ಒಂದೊಂದು ಕಣ್ಣಿಗೆ ಒಂದೊಂದು ಚಿತ್ರ ತೋರಿಸಿದರೆ ನೆಲ ಉಬ್ಬುತಗ್ಗಾಗಿ ಕಾಣುತ್ತದೆ. ಅದರ ಮೇಲೊಂದು ಚುಕ್ಕೆ ತೇಲುತ್ತಿರುತ್ತದೆ. ಎತ್ತರವನ್ನು ಬದಲಿಸದೆ, ಆ ಚುಕ್ಕೆಯನ್ನು ನೆಲಕ್ಕೆ ತಾಗಿದಂತೆಯೇ ನಡೆಸಿದರೆ, ಜೋಡಿಸಿದ ಪೆನ್ಸಿಲು ಸಮಪಾತಳಿ ರೇಖೆಯನ್ನು ಬರೆಯುತ್ತಾ ಹೋಗುತ್ತದೆ. ನಾವು ಬದು ಹಾಕಿಸುವುದೂ ಇಂಥ ರೇಖೆಯ ಮೇಲೆಯೇ. ದಿನವಿಡೀ ಕಣ್ಣು ನೆಟ್ಟು ಕೂರುವ ಈ ಕೆಲಸ ಕಳೆ ತೆಗೆಯುವುದಕ್ಕಿಂತ ಹಗುರವೇನಲ್ಲ!

ಫಿನ್ಲೆಂಡಿನಲ್ಲಿ ಹುಟ್ಟಿ ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಲಿಯಲ್ಲಿದ್ದ ಊನೋ ಹೆಲಾವಾ ಅವರು 1957ರಲ್ಲಿ ಹೊಸ ಉಪಾಯ ಮುಂದಿಟ್ಟರು. ಹಳೆಯ ಯಂತ್ರಗಳಲ್ಲಿ ಸರಳು, ತಿರುಗಣೆಗಳು ಮಾಡುತ್ತಿದ್ದ ಲೆಕ್ಕವನ್ನು ಗಣಕಯಂತ್ರಕ್ಕೆ ಒಪ್ಪಿಸಿದರು. ಇದೇ ಅನಲಿಟಿಕಲ್ ಪ್ಲಾಟರ್. ಆದರೂ ಚುಕ್ಕೆ ತಾಗಿಸಲು ಕಣ್ಣು ಬೇಕೇ ಇತ್ತು. ಅದೇ ದಶಕದಲ್ಲಿ ಕೆನಡಾದವರೇ ಆದ ಗಿಲ್ಬರ್ಟ್ ಹಾಬ್ರೊ ಅವರು, ಎರಡೂ ಚಿತ್ರಗಳ ಕಪ್ಪು-ಬಿಳುಪನ್ನು ವಿದ್ಯುನ್ಮಾನದಿಂದ ಹೋಲಿಸಿ ತಾನೇ ತಾಳೆ ನೋಡುವ ಸಾಧನದ ಮೇಲೆ ದುಡಿದರು. ಇಂದು ಡ್ರೋನ್ ಚಿತ್ರಗಳನ್ನು ಗಣಕಯಂತ್ರ ತಾಳೆ ಹಾಕುವುದೂ ಇದೇ ತತ್ವದಿಂದ.

ಆದರೆ ಯಂತ್ರಕ್ಕೆ ಗುರುತು ಬೇಕು. ನಿಂತ ನೀರಿನ ಮೇಲೆ, ಒಂದೇ ಬಣ್ಣದ ಮರಳಿನ ಮೇಲೆ ತಾಳೆ ಹಾಕಲು ಏನೂ ಸಿಗದೆ ಅದು ತಡವರಿಸುತ್ತದೆ. ದಟ್ಟ ಅಡಿಕೆ ತೋಟದಲ್ಲಂತೂ ಅದು ಅಳೆಯುವುದು ಸೋಗೆಯ ತುದಿಯನ್ನು, ಬುಡದ ಮಣ್ಣನ್ನಲ್ಲ. ಇನ್ನು ಕಾಣುವ ಗೋಡೆ ಅಣ್ಣನದೋ ತಮ್ಮನದೋ ಎಂಬುದು ಯಾವ ಯಂತ್ರಕ್ಕೂ ತಿಳಿಯದು.

ಇದು ನಮಗೂ ಸಂಬಂಧಿಸಿದ ಮಾತು. ಹಳ್ಳಿಯ ವಾಸದ ಜಾಗಗಳನ್ನು ಡ್ರೋನಿನಿಂದ ಅಳೆದು ಆಸ್ತಿ ಪತ್ರ ಕೊಡುವ ಸ್ವಾಮಿತ್ವ ಯೋಜನೆ 2020ರ ಏಪ್ರಿಲ್ 24ರಂದು ಆರಂಭವಾಯಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಡ್ರೋನ್ ಹಾರುವ ಮೊದಲು ಆಸ್ತಿಯ ಎಲ್ಲೆಗೆ ಸುಣ್ಣದ ಗೆರೆ ಎಳೆಯುವುದು ಇದರ ಕ್ರಮ. ಆ ದಿನ ಮನೆಯವರು, ಪಕ್ಕದವರು ಇಬ್ಬರೂ ಹಾಜರಿದ್ದು ಒಪ್ಪಿ ಗೆರೆ ಹಾಕಿಸತಕ್ಕದ್ದು. ಗೆರೆಯ ಮೇಲೆ ಹುಲ್ಲು, ಸೌದೆ, ಗಾಡಿ ಇಡಬಾರದು. ಎಲ್ಲೆಯು ಹುಣಸೆ ಮರದ ಅಡಿಯಲ್ಲೋ ಚಾವಣಿಯ ಕೆಳಗೋ ಹಾದಿದ್ದರೆ ಮೋಜಣಿದಾರರಿಗೆ ಅಂದೇ ತೋರಿಸಿ, ಆ ತುಂಡನ್ನು ಟೇಪಿನಿಂದ ಅಳೆಯುವಂತೆ ಕೇಳಿಕೊಳ್ಳಿರಿ. ಕರಡು ನಕ್ಷೆ ಬಂದಾಗ ನಿಮ್ಮ ಜಾಗವನ್ನು ಅದರಲ್ಲಿ ಹುಡುಕಿ ನೋಡಿ, ತಪ್ಪಿದ್ದರೆ ಆಕ್ಷೇಪಣೆಯ ಅವಧಿಯೊಳಗೇ ಬರೆದು ಕೊಡಿರಿ.